ಆನ್‌ಲೈನ್‌ನಲ್ಲಿ ಕೊಂಡ ಹಳೇ ಗಿಟಾರ್ ಆಂಪ್ ಕೆಟ್ಟಿದೆಯಾ? ಸ್ಕ್ರೂಡ್ರೈವರ್ ಮುಟ್ಟುವ ಮೊದಲು ಇದನ್ನು ಓದಿ

ಸೆಕೆಂಡ್ ಹ್ಯಾಂಡ್ ಆಂಪ್ ಮನೆಗೆ ಬಂತು. ಗಿಟಾರ್ ಸಿಕ್ಕಿಸಿ ಸ್ವಿಚ್ ಹಾಕಿದರೆ ಸದ್ದೇ ಇಲ್ಲ. ಇಲ್ಲವೇ ಗಿಟಾರಿಗಿಂತ ಗುಂಯ್ ಅನ್ನೋ ಶಬ್ದವೇ ಜಾಸ್ತಿ. ಇಲ್ಲವೇ ಹತ್ತು ನಿಮಿಷ ಚೆನ್ನಾಗಿ ನುಡಿದು, ಆಮೇಲೆ ನಿಧಾನಕ್ಕೆ ಸೊರಗಿ ಹೋಗುತ್ತದೆ. ಇಂಥ ಹೊತ್ತಲ್ಲಿ ಕೈ ತಾನಾಗೇ ಸ್ಕ್ರೂಡ್ರೈವರ್ ಕಡೆ ಹೋಗುತ್ತದೆ. ದಯವಿಟ್ಟು ಬೇಡ. ನೀವು ಬಿಚ್ಚಿದ ಮೇಲೆ "ನೀವೇ ಏನೋ ಮಾಡಿ ಹಾಳು ಮಾಡಿದ್ದೀರಿ" ಅನ್ನಲು ಮಾರಿದವರಿಗೆ ದಾರಿಯಾಗುತ್ತದೆ. ಹಣ ವಾಪಸ್ ಬರುವ ಸಾಧ್ಯತೆ ಅಲ್ಲಿಗೆ ಅರ್ಧ ಹೋದ ಹಾಗೆ.

ಇನ್ನೂ ದೊಡ್ಡ ಕಾರಣ ಬೇರೆ ಇದೆ. ವಾಲ್ವ್ ಆಂಪ್ (ಗಾಜಿನ ಟ್ಯೂಬ್‌ಗಳಿಂದ ಸದ್ದು ಹೆಚ್ಚಿಸುವಂಥದ್ದು, ಆ ಟ್ಯೂಬ್‌ಗಳೇ ವಾಲ್ವ್) ಆಗಿದ್ದರೆ ಒಳಗೆ 300ರಿಂದ 500 ವೋಲ್ಟ್‌ವರೆಗೂ ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ, ವಿದ್ಯುತ್ ಹಿಡಿದಿಡುವ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ ಆ ಚಾರ್ಜ್ ಉಳಿದಿರಬಹುದು. ಅದು ಜೀವ ತೆಗೆಯುತ್ತದೆ. ಅದನ್ನು ಖಾಲಿ ಮಾಡಿ, ಮೀಟರ್ ಇಟ್ಟು ಖಾತ್ರಿ ಮಾಡಿಕೊಳ್ಳುವುದನ್ನು ಯಾರಾದರೂ ಎದುರು ಕೂತು ಕಲಿಸಿರದಿದ್ದರೆ ಚಾಸಿ (ಸರ್ಕ್ಯೂಟ್ ಕೂತಿರುವ ಲೋಹದ ಚೌಕಟ್ಟು) ತೆಗೆಯಲೇಬೇಡಿ. ಅದೃಷ್ಟಕ್ಕೆ, ಚಾಸಿ ತೆಗೆಯದೆ ಹೊರಗಿನಿಂದಲೇ ಕಂಡುಹಿಡಿಯಬಹುದಾದ ದೋಷಗಳೇ ಬೇಕಾದಷ್ಟಿವೆ.

ಸ್ವಿಚ್ ಹಾಕುವ ಮೊದಲು

ಬಾಕ್ಸ್ ಬಿಚ್ಚುವುದನ್ನು ವಿಡಿಯೋ ಮಾಡಿ, ನಡುವೆ ನಿಲ್ಲಿಸದೆ ಒಂದೇ ಓಟಕ್ಕೆ. ವಿಳಾಸದ ಚೀಟಿ, ಜಜ್ಜಿದ ಮೂಲೆಗಳು, ಒಳಗೆ ತುಂಬಿರುವ ಥರ್ಮೋಕೋಲ್ ಅಥವಾ ಬಬಲ್ ಶೀಟ್, ಆಂಪಿನ ಹಿಂಭಾಗದ ಸೀರಿಯಲ್ ನಂಬರ್, ಇಷ್ಟೂ ಕಾಣಲಿ. ಈಗಾಗಲೇ ಬಿಚ್ಚಿ ಆಗಿದ್ದರೆ ಫೋಟೋಗಳಾದರೂ ಇರಲಿ. ಬಾಕ್ಸ್ ಎಸೆಯಬೇಡಿ, ಸಾಗಣೆಯಲ್ಲಿ ಪೆಟ್ಟಾಗಿದ್ದರೆ ಪ್ಯಾಕಿಂಗ್ ಹೇಗಿತ್ತು ಅನ್ನೋ ಪ್ರಶ್ನೆ ಬಂದೇ ಬರುತ್ತದೆ. ಮಾರಿದವರ ಜಾಹೀರಾತಿನ ಸ್ಕ್ರೀನ್‌ಶಾಟ್ ಕೂಡ ಈಗಲೇ ತೆಗೆದಿಟ್ಟುಕೊಳ್ಳಿ. ನಾಳೆ ಅದನ್ನು ತಿದ್ದಬಹುದು, ಅಳಿಸಬಹುದು. "ಎಲ್ಲ ಸರಿಯಾಗಿ ಕೆಲಸ ಮಾಡುತ್ತಿದೆ" ಎಂದು ಅವರು ಬರೆದ ಒಂದೇ ಸಾಲು ಮುಂದೆ ನಿಮ್ಮ ಪಾಲಿಗೆ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ.

ಈಗ ಆಂಪನ್ನು ಮೆಲ್ಲಗೆ ಓರೆ ಮಾಡಿ. ಒಳಗೆ ಏನಾದರೂ ಉರುಳುತ್ತಿದೆಯಾ? ಕಳಚಿದ ಸ್ಕ್ರೂ ಇರಬಹುದು, ಗಾಜಿನ ಚೂರು ಇರಬಹುದು, ಸಾಕೆಟ್‌ನಿಂದ ಎದ್ದು ಬಂದ ವಾಲ್ವ್ ಇರಬಹುದು. ಸ್ಪೀಕರ್ ಕೂಡ ಒಳಗೇ ಇರುವ ದೊಡ್ಡ ಕಾಂಬೋ ಆಂಪ್‌ಗಳ ತೂಕ ಸಾಮಾನ್ಯದ್ದಲ್ಲ, ಫೆಂಡರ್ ಟ್ವಿನ್ ರಿವರ್ಬ್ ಸುಮಾರು 29 ಕಿಲೋ ತೂಗುತ್ತದೆ. ಅಷ್ಟು ಭಾರದ್ದು ಒಮ್ಮೆ ಮೂಲೆ ಮೇಲೆ ಬಿದ್ದರೆ ಟ್ರಾನ್ಸ್‌ಫಾರ್ಮರ್ ಹೊತ್ತ ಚಾಸಿ ಬಾಗುತ್ತದೆ, ಸ್ಪೀಕರ್‌ನ ಮ್ಯಾಗ್ನೆಟ್ ಜರುಗಿ ಅದರೊಳಗಿನ ಕಾಯಿಲ್ (ತಂತಿಸುರುಳಿ) ಸಿಕ್ಕಿಕೊಳ್ಳುತ್ತದೆ. ಸ್ಪೀಕರ್‌ನ ಕೋನ್ (ಮುಂದೆ ಕಾಣುವ ಕಾಗದದ ಭಾಗ) ಹರಿದಿದೆಯಾ ನೋಡಿ. ಎರಡೂ ಕೈಬೆರಳುಗಳನ್ನು ಕೋನಿನ ಮೇಲೆ ಎದುರುಬದುರು ಇಟ್ಟು ಒಂಚೂರೇ ಚೂರು ಒಳಕ್ಕೆ ಒತ್ತಿ ಬಿಡಿ. ಮೆತ್ತಗೆ ಹೋಗಿ ಬಂದರೆ ಸರಿ. ಗರಗರ ಉಜ್ಜಿದ ಹಾಗೆ ಬೆರಳಿಗೆ ತಾಗಿದರೆ ಕಾಯಿಲ್ ಮ್ಯಾಗ್ನೆಟ್ಟಿಗೆ ಉಜ್ಜುತ್ತಿದೆ. ಹಿಂಬದಿಗೆ ಮೂಗು ಹತ್ತಿರ ತಂದು ಸುಟ್ಟ ವಾಸನೆ ಇದೆಯಾ ಅದನ್ನೂ ನೋಡಿಬಿಡಿ.

ಆಂಪ್ ತಣ್ಣಗೆ ಕೊರೆಯುತ್ತಾ ಬಂದಿದ್ದರೆ ಕೋಣೆಯಲ್ಲಿ ಕೆಲವು ಗಂಟೆ ಸುಮ್ನೆ ಇಟ್ಟಿರಿ, ಒಳಗೆ ತೇವ ಕಟ್ಟಿರುತ್ತದೆ.

ಇನ್ನೊಂದನ್ನು ತುಂಬಾ ಜನ ನೋಡುವುದೇ ಇಲ್ಲ. ಆಂಪಿನ ಹಿಂದೆ ಎಷ್ಟು ವೋಲ್ಟ್ ಎಂದು ಬರೆದಿದೆ? ಬೇರೆ ದೇಶದಿಂದ ಬಂದ ಆಂಪ್ 120 ವೋಲ್ಟಿನದ್ದಾಗಿರಬಹುದು. ಅದನ್ನು 230 ವೋಲ್ಟಿಗೆ ಹಾಕಿದರೆ ಫ್ಯೂಸ್ ಹಾರಿದರೆ ನಿಮ್ಮ ಪುಣ್ಯ, ಹಾರದಿದ್ದರೆ ಒಳಗಿನದ್ದು ಸುಡುತ್ತದೆ. 230ರದ್ದನ್ನು 120ಕ್ಕೆ ಹಾಕಿದರೆ ಅಪಾಯ ಕಮ್ಮಿ, ಆದರೆ ವಾಲ್ವ್‌ಗಳು ಸರಿಯಾಗಿ ಕಾಯುವುದಿಲ್ಲ, ಸದ್ದು ಸತ್ತ ಹಾಗಿರುತ್ತದೆ, ಆಂಪ್ ಕೆಟ್ಟಿದೆ ಎಂದೇ ಅನಿಸುತ್ತದೆ. ಪ್ಲಗ್ಗಿನ ಆಕಾರ ಬದಲಿಸುವ ಅಡಾಪ್ಟರ್ ವೋಲ್ಟೇಜ್ ಬದಲಿಸುವುದಿಲ್ಲ. 120ರ ಆಂಪಿಗೆ ವೋಲ್ಟ್ ಇಳಿಸುವ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಅದೂ ಆಂಪಿನ ಹಿಂದೆ ಬರೆದಿರುವ ವಿದ್ಯುತ್ ಬಳಕೆಯ ವ್ಯಾಟ್‌ಗಿಂತ ಜಾಸ್ತಿ ತಾಳುವಂಥದ್ದು. ಗಮನಿಸಿ, ಸ್ಪೀಕರಿಗೆ ಹೋಗುವ ವ್ಯಾಟ್ ಅಲ್ಲ, ಪ್ಲಗ್ಗಿನಿಂದ ಎಳೆಯುವ ವ್ಯಾಟ್. 20 ವ್ಯಾಟಿನ ವಾಲ್ವ್ ಆಂಪ್ ಕೂಡ ಗೋಡೆಯಿಂದ ಅದರ ಹಲವು ಪಟ್ಟು ಎಳೆಯುತ್ತದೆ.

ಅರ್ತ್ ಪಿನ್ ಮುರಿದಿದ್ದರೆ, ಅಥವಾ ತೀರಾ ಹಳೇ ಆಂಪಿಗೆ ಎರಡೇ ಪಿನ್ನಿನ ವೈರ್ ಇದ್ದರೆ, ಸರಿಪಡಿಸುವ ತನಕ ಹಾಕಲೇಬೇಡಿ. ಗುಂಯ್ ಕಮ್ಮಿಯಾಗಲಿ ಎಂದು ಅರ್ತ್ ಪಿನ್ ಮುರಿಯುವ ಕೆಟ್ಟ ಚಾಳಿ ಕೆಲವರಿಗಿದೆ. ಒಳಗೆ ಏನಾದರೂ ಲೀಕ್ ಆದರೆ ಗಿಟಾರ್ ತಂತಿಯೇ ಕರೆಂಟ್ ಹೊಡೆಯುತ್ತದೆ.

ಮೊದಲ ಸಲ ಆನ್ ಮಾಡುವಾಗ

ವಾಲ್ವ್ ಆಂಪನ್ನು ಸ್ಪೀಕರ್ ಇಲ್ಲದೆ ಎಂದಿಗೂ ಆನ್ ಮಾಡಬೇಡಿ. ಲೋಡ್ ಇಲ್ಲದೆ ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗಬಹುದು, ಇಡೀ ಆಂಪಿನಲ್ಲಿ ದುಬಾರಿ ಭಾಗಗಳಲ್ಲಿ ಅದೂ ಒಂದು. ಟ್ರಾನ್ಸಿಸ್ಟರ್ ಆಂಪಿಗೆ (ವಾಲ್ವ್ ಇಲ್ಲದ್ದಕ್ಕೆ) ಸಾಮಾನ್ಯವಾಗಿ ಈ ತೊಂದರೆ ಇಲ್ಲ. ಅದಕ್ಕೆ ಆಗಿಬರದೇ ಇರುವುದು ಹಿಂದೆ ಬರೆದಿರುವ ಓಮ್‌ಗಿಂತ ಕಮ್ಮಿ ಓಮಿನ ಸ್ಪೀಕರ್. ಹೆಡ್ (ಆಂಪ್) ಮತ್ತು ಕ್ಯಾಬಿನೆಟ್ (ಸ್ಪೀಕರ್ ಪೆಟ್ಟಿಗೆ) ಬೇರೆ ಬೇರೆಯಾಗಿದ್ದರೆ ನಡುವೆ ಸ್ಪೀಕರ್ ಕೇಬಲ್ಲೇ ಇರಬೇಕು. ಗಿಟಾರ್ ಕೇಬಲ್ ನೋಡಲು ಹಾಗೇ ಇದ್ದರೂ ಅದರ ಒಳಗಿನ ತಂತಿ ಅಷ್ಟು ಕರೆಂಟಿಗೆ ಮಾಡಿದ್ದಲ್ಲ.

ಎಲ್ಲ ವಾಲ್ಯೂಮ್ ನಾಬ್‌ಗಳು ಸೊನ್ನೆಯಲ್ಲಿರಲಿ. ಪವರ್ ಹಾಕಿ. ವಾಲ್ವ್ ಕಾಯಲು ಅರ್ಧದಿಂದ ಒಂದು ನಿಮಿಷ ಬಿಡಿ, ಆಮೇಲೆ ಸ್ಟ್ಯಾಂಡ್‌ಬೈ ಸ್ವಿಚ್ (ವಾಲ್ವ್ ಬಿಸಿಯಾಗುವ ತನಕ ಸದ್ದು ತಡೆದಿಡುವುದು) ಇದ್ದರೆ ಅದನ್ನು ಆನ್‌ಗೆ ಹಾಕಿ. ಆ ನಿಮಿಷದಲ್ಲಿ ಹಿಂದಿನಿಂದ ನೋಡುತ್ತಿರಿ. ಪ್ರತಿ ವಾಲ್ವ್ ನಡುವೆ ಸಣ್ಣ ಕಿತ್ತಳೆ ಬೆಳಕು ಬರಬೇಕು. ಪವರ್ ವಾಲ್ವ್‌ನ (ಸ್ಪೀಕರನ್ನು ನಡೆಸುವ ದೊಡ್ಡ ವಾಲ್ವ್) ಗಾಜಿನ ಒಳಮೈ ಮೇಲೆ ತೆಳು ನೀಲಿ ಹೊಳಪು ಕಂಡರೆ ಹೆದರಬೇಡಿ, ಅದು ಇರುವಂಥದ್ದೇ. ಆದರೆ ಒಳಗಿನ ಬೂದು ಬಣ್ಣದ ಲೋಹದ ಪ್ಲೇಟೇ ಕೆಂಪಗೆ ಕಾದು ನಿಂತರೆ ಆ ಕ್ಷಣವೇ ಆಫ್ ಮಾಡಿ. ಬಯಾಸ್ (ಪವರ್ ವಾಲ್ವ್‌ನಲ್ಲಿ ಎಷ್ಟು ಕರೆಂಟ್ ಹರಿಯಬೇಕೆಂಬ ಹೊಂದಾಣಿಕೆ) ಕೈಕೊಟ್ಟಿದೆ ಅಥವಾ ವಾಲ್ವ್ ಕೆಟ್ಟಿದೆ, ಬಿಟ್ಟರೆ ಟ್ರಾನ್ಸ್‌ಫಾರ್ಮರ್‌ನ್ನೂ ಎಳೆದುಕೊಂಡು ಹೋಗುತ್ತದೆ. ಹೊಗೆ, ಚಟ್ ಚಟ್ ಶಬ್ದ, ಸುಟ್ಟ ವಾಸನೆ ಬಂದರೂ ಅಷ್ಟೇ. "ಇನ್ನೊಂದು ಸಲ ಹಾಕಿ ನೋಡೋಣ" ಅನ್ನಬೇಡಿ.

ಹೊರಗಿನಿಂದಲೇ ದೋಷ ಹುಡುಕುವುದು

ಸದ್ದೇ ಇಲ್ಲದಿದ್ದರೆ ಮೊದಲು ಬೇರೆ ಕೇಬಲ್, ಬೇರೆ ಗಿಟಾರ್ ಹಾಕಿ. ಪೆಡಲ್‌ಗಳನ್ನೆಲ್ಲ ತೆಗೆದು ನೇರ ಸಿಕ್ಕಿಸಿ. ಮಾಸ್ಟರ್ ವಾಲ್ಯೂಮ್ ಸೊನ್ನೆಯಲ್ಲಿದೆಯಾ, ಫುಟ್‌ಸ್ವಿಚ್ ಇಲ್ಲದ ಕಾರಣ ಬೇರೆ ಚಾನಲ್‌ನಲ್ಲಿ ನಿಂತಿದೆಯಾ, ಹೆಡ್‌ಫೋನ್ ಸಾಕೆಟ್ಟಿನಲ್ಲಿ ಏನಾದರೂ ಉಳಿದಿದೆಯಾ, ಎಲ್ಲ ನೋಡಿ.

ಆಮೇಲೆ ಮಾಡಬೇಕಾದ ಪರೀಕ್ಷೆ ನನಗೆ ತುಂಬಾ ಇಷ್ಟದ್ದು, ಯಾಕೆಂದರೆ ಒಂದೇ ಒಂದು ಸಣ್ಣ ಕೇಬಲ್ ಸಾಕು. ಹಿಂದೆ ಎಫೆಕ್ಟ್ಸ್ ಲೂಪ್ (ಪೆಡಲ್ ಸೇರಿಸಲು ಇರುವ, ಸೆಂಡ್ ಮತ್ತು ರಿಟರ್ನ್ ಎಂದು ಬರೆದಿರುವ ಎರಡು ಜ್ಯಾಕ್) ಇದ್ದರೆ ಸೆಂಡ್‌ನಿಂದ ರಿಟರ್ನ್‌ಗೆ ಒಂದು ಪ್ಯಾಚ್ ಕೇಬಲ್ ಹಾಕಿ. ತುಂಬಾ ಆಂಪ್‌ಗಳಲ್ಲಿ ಲೂಪ್ ಖಾಲಿ ಇದ್ದಾಗ ಸಿಗ್ನಲ್ ಹಾದುಹೋಗುವುದೇ ರಿಟರ್ನ್ ಜ್ಯಾಕ್ ಒಳಗಿನ ಒಂದು ಪುಟ್ಟ ಸ್ಪ್ರಿಂಗ್ ಕಾಂಟ್ಯಾಕ್ಟ್ ಮೂಲಕ. ವರ್ಷಗಟ್ಟಲೆ ಏನೂ ಸಿಕ್ಕಿಸದೇ ಇದ್ದರೆ ಆ ಕಾಂಟ್ಯಾಕ್ಟ್ ಮೇಲೆ ಕಿಲುಬು ಕಟ್ಟುತ್ತದೆ. ಸದ್ದು ಬಂದು ಬಂದು ಹೋಗುವುದು, ಕುಗ್ಗುವುದು, ಪೂರ್ತಿ ನಿಂತೇ ಹೋಗುವುದು, ಎಲ್ಲ ಇದರಿಂದ ಆಗುತ್ತದೆ. ಕೇಬಲ್ ಹಾಕಿದ ಕೂಡಲೇ ಆಂಪ್ ಬದುಕಿದರೆ ದೋಷ ಸಿಕ್ಕಿತು. ಪ್ಲಗ್ಗಿಗೆ ಒಂದಿಷ್ಟು ಕಾಂಟ್ಯಾಕ್ಟ್ ಕ್ಲೀನರ್ ಹಚ್ಚಿ ಜ್ಯಾಕ್ ಒಳಗೆ ಹತ್ತಾರು ಸಲ ಹಾಕಿ ತೆಗೆದರೆ ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಕೇಬಲ್ ಹಾಕಿದರೂ ಸದ್ದಿಲ್ಲವಾದರೆ ಗಿಟಾರನ್ನು ನೇರ ರಿಟರ್ನ್‌ಗೆ ಹಾಕಿ ನೋಡಿ. ಅಲ್ಲಿ ಸದ್ದು ಬಂದರೆ ಪವರ್ ಆಂಪ್ (ಸ್ಪೀಕರನ್ನು ನಡೆಸುವ ಭಾಗ), ಸ್ಪೀಕರ್ ಎರಡೂ ಚೆನ್ನಾಗಿವೆ, ತೊಂದರೆ ಅದಕ್ಕೂ ಮೊದಲು ಬರುವ ಪ್ರೀಆಂಪಿನಲ್ಲಿದೆ (ಗಿಟಾರ್ ಸಿಗ್ನಲ್ ಮೊದಲು ಸೇರುವ ಭಾಗ). ಅಲ್ಲೂ ಬರದಿದ್ದರೆ ಪವರ್ ಆಂಪ್ ಅಥವಾ ಸ್ಪೀಕರ್ ಕಡೆ ನೋಡಬೇಕು. ಎರಡೇ ನಿಮಿಷದಲ್ಲಿ ಅರ್ಧ ಆಂಪನ್ನು ಅನುಮಾನದ ಪಟ್ಟಿಯಿಂದ ತೆಗೆದುಹಾಕಿದಿರಿ.

ಸ್ಪೀಕರ್ ಪರೀಕ್ಷೆ ಸುಲಭ. ಆಂಪ್ ಆಫ್ ಮಾಡಿ, ಪ್ಲಗ್ ಕಿತ್ತು, ಸ್ಪೀಕರ್ ವೈರನ್ನು ಆಂಪಿನಿಂದ ಬಿಡಿಸಿ. ಮಲ್ಟಿಮೀಟರ್ ಓಮಿಗಿಟ್ಟು ಅಳೆಯಿರಿ. 8 ಓಮ್ ಸ್ಪೀಕರ್ ಸುಮಾರು 6ರಿಂದ 7 ತೋರಿಸುತ್ತದೆ, 4 ಓಮಿನದ್ದು 3ರ ಆಸುಪಾಸು, 16ರದ್ದು 12ರ ಆಸುಪಾಸು. ಕಮ್ಮಿ ತೋರಿಸುತ್ತದೆ ಎಂದು ಗಾಬರಿ ಬೇಡ, ಡಿಸಿಯಲ್ಲಿ ಅಳೆದರೆ ಹಾಗೇ ಬರುವುದು. ಮೀಟರ್ ಏನೂ ತೋರಿಸದಿದ್ದರೆ ಕಾಯಿಲ್ ಕಡಿದಿದೆ. ಮೀಟರ್ ಇಲ್ಲವಾ, 1.5 ವೋಲ್ಟ್ ಸೆಲ್ ಒಂದನ್ನು ಎರಡು ತುದಿಗೆ ಕ್ಷಣಮಾತ್ರ ತಾಗಿಸಿ. ಟಪ್ ಎಂದು ಕೋನ್ ಅಲುಗಿದರೆ ಸ್ಪೀಕರ್ ಜೀವಂತ. ಟ್ರಾನ್ಸಿಸ್ಟರ್ ಆಂಪಿನ ಸ್ಪೀಕರ್ ಸುಟ್ಟಿರುವುದು ಕಂಡರೆ ಸುಮ್ನೆ ಹೊಸದು ಹಾಕಿಬಿಡಬೇಡಿ. ಔಟ್‌ಪುಟ್ ಟ್ರಾನ್ಸಿಸ್ಟರ್ ಹೋಗಿ ಸ್ಪೀಕರಿಗೆ ನೇರ ಡಿಸಿ ಬರುತ್ತಿದ್ದರೆ ಹೊಸದೂ ಸುಡುತ್ತದೆ.

ದೀಪವೇ ಹತ್ತದಿದ್ದರೆ ಫ್ಯೂಸ್ ನೋಡಿ. ಹಿಂಭಾಗದಲ್ಲಿ ತಿರುಗಿಸಿ ತೆಗೆಯುವ ಮುಚ್ಚಳ ಇರುತ್ತದೆ. ಪ್ಲಗ್ ಕಿತ್ತು ತೆಗೆಯಿರಿ, ಬರೆದಿರುವ ಅದೇ ಆಂಪಿಯರ್, ಅದೇ ಬಗೆಯದ್ದನ್ನು ಹಾಕಿ. ಟಿ ಎಂದಿದ್ದರೆ ನಿಧಾನಕ್ಕೆ ಹಾರುವುದು, ಎಫ್ ಎಂದಿದ್ದರೆ ಬೇಗ ಹಾರುವುದು. ಒಂದು ಸಲ ಬದಲಿಸಿ. ಮತ್ತೆ ಹಾರಿತಾ, ನಿಲ್ಲಿಸಿ. ದೊಡ್ಡ ಫ್ಯೂಸ್ ಹಾಕುವುದು, ಬೆಳ್ಳಿ ಕಾಗದ ಸುತ್ತುವುದು ಬೆಂಕಿಗೆ ಆಹ್ವಾನ. ಪದೇಪದೇ ಹಾರುವ ಫ್ಯೂಸ್ ಎಂದರೆ ಶಾರ್ಟ್ ಆದ ಪವರ್ ವಾಲ್ವ್, ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್, ಕೆಪಾಸಿಟರ್, ಕೆಟ್ಟ ಗಳಿಗೆಯಾದರೆ ಟ್ರಾನ್ಸ್‌ಫಾರ್ಮರ್.

ನಾಬ್ ತಿರುಗಿಸಿದಾಗ ಮಾತ್ರ ಚರಚರ ಎಂದರೆ ಪಾಟ್ (ನಾಬ್ ತಿರುಗಿಸುವ ಒಳಗಿನ ಭಾಗ) ಒಳಗೆ ಕೊಳೆ. ಇದು ಚಿಕ್ಕ ವಿಷಯ, ಇದಕ್ಕಾಗಿ ಜಗಳ ಬೇಡ. ಪಾಟ್‌ಗೆಂದೇ ಬರುವ ಕ್ಲೀನರ್ ಸಿಗುತ್ತದೆ, ಡಬ್ಲ್ಯೂಡಿ-40 ಬೇಡ. ಒಳಗಿನಿಂದ ಹೊಡೆಯಬೇಕಾದ್ದರಿಂದ ಅದನ್ನೂ ಟೆಕ್ನಿಷಿಯನ್‌ಗೆ ಬಿಡಿ.

ಗುಂಯ್ ಶಬ್ದದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಗಿಟಾರ್ ತೆಗೆದರೆ ನಿಂತುಹೋಗುತ್ತದಾ? ಹಾಗಾದರೆ ಆಂಪ್ ತಪ್ಪಲ್ಲ. ಸಿಂಗಲ್ ಕಾಯಿಲ್ ಪಿಕಪ್ ಇರುವ ಗಿಟಾರ್ ಹಾಗೇ, ನೀವು ಗಿಟಾರ್ ಹಿಡಿದು ಪಕ್ಕಕ್ಕೆ ತಿರುಗಿದರೆ ಹೆಚ್ಚುಕಮ್ಮಿ ಆಗುವುದೂ ಕೇಳುತ್ತದೆ. ಗಿಟಾರ್ ಇಲ್ಲದೆಯೂ ಬರುತ್ತಿದ್ದರೆ ವಾಲ್ಯೂಮ್‌ಗಳನ್ನು ಸೊನ್ನೆ ಮಾಡಿ. ವಾಲ್ಯೂಮ್ ಜೊತೆ ಇಳಿದರೆ ಪ್ರೀಆಂಪ್. ಸೊನ್ನೆಯಲ್ಲೂ ಹಾಗೇ ಕೇಳುತ್ತಿದ್ದರೆ ಪವರ್ ಸಪ್ಲೈ ಅಥವಾ ಪವರ್ ವಾಲ್ವ್. ಸ್ವರದ ಎತ್ತರವೂ ಸುಳಿವು ಕೊಡುತ್ತದೆ. 50 ಅಥವಾ 60 ಹರ್ಟ್ಸ್‌ನ ಆಳವಾದ ಮಂದ್ರ ಗುಂಯ್ ಅಂದರೆ ಗ್ರೌಂಡಿಂಗ್ ತೊಂದರೆ ಅಥವಾ ಹೊರಗಿನ ಟ್ರಾನ್ಸ್‌ಫಾರ್ಮರ್ ಹತ್ತಿರ ಇದೆ. ಅದಕ್ಕಿಂತ ಒಂದು ಆಕ್ಟೇವ್ ಮೇಲೆ, 100 ಅಥವಾ 120 ಹರ್ಟ್ಸ್‌ನಲ್ಲಿ ಸ್ವಲ್ಪ ಒರಟಾಗಿ ಕೇಳಿದರೆ ಫಿಲ್ಟರ್ ಕೆಪಾಸಿಟರ್ ಮುದಿಯಾಗಿದೆ, ಅಥವಾ ಪವರ್ ವಾಲ್ವ್ ಜೋಡಿ ಹೊಂದುತ್ತಿಲ್ಲ. ಹಳೇ ಆಂಪಿನಲ್ಲಿ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಒಣಗುವುದು ಸಹಜ, ಸವೆದ ಟೈರ್ ಬದಲಿಸಿದ ಹಾಗೆ ಅವನ್ನು ಬದಲಿಸಲೇಬೇಕು. ಗಿಟಾರ್ ಟ್ಯೂನರ್ ಆಪ್‌ನ್ನು ಸ್ಪೀಕರ್ ಹತ್ತಿರ ಹಿಡಿದರೆ ಎಷ್ಟು ಹರ್ಟ್ಸ್ ಎಂದು ಎಷ್ಟೋ ಸಲ ಅದೇ ಹೇಳಿಬಿಡುತ್ತದೆ.

ವಾಲ್ವ್‌ಗಳ ಸರದಿ. ಒಂದರ ಗಾಜಿನ ಒಳಗಿನ ಬೆಳ್ಳಿ ಲೇಪ ಹಾಲಿನಂತೆ ಬಿಳಿಯಾಗಿದ್ದರೆ ಗಾಳಿ ಒಳಹೊಕ್ಕಿದೆ, ಅದು ಸತ್ತಿದೆ. ಉಳಿದವನ್ನು ಪರೀಕ್ಷಿಸಲು ಆಂಪ್ ಆನ್ ಇಟ್ಟು, ವಾಲ್ಯೂಮ್ ಸ್ವಲ್ಪ ಏರಿಸಿ, ಮರದ ಪೆನ್ಸಿಲಿನ ತುದಿಯಿಂದ ಚಿಕ್ಕ ವಾಲ್ವ್‌ಗಳನ್ನು ಒಂದೊಂದಾಗಿ ಮೆಲ್ಲಗೆ ತಟ್ಟಿ, ಗಾಜಿಗೆ ಮಾತ್ರ ತಾಗಲಿ. ಇನ್‌ಪುಟ್ ಹತ್ತಿರದ ವಾಲ್ವ್‌ನಲ್ಲಿ ಸ್ವಲ್ಪ ಟಿಕ್ ಟಿಕ್ ಕೇಳುವುದು ಸಹಜ. ಗಂಟೆ ಬಾರಿಸಿದ ಹಾಗೆ ಠಣ್ ಎಂದು ಎಳೆದರೆ, ಅಥವಾ ಕೂಗಲು ಶುರುವಾದರೆ, ಆ ವಾಲ್ವ್ ಮೈಕ್ರೋಫೋನಿಕ್ ಆಗಿದೆ, ಅಂದರೆ ಅಲುಗಾಟವನ್ನೇ ಸದ್ದು ಮಾಡುತ್ತಿದೆ. ಬದಲಿಸಿ. 12ಎಎಕ್ಸ್7 ಥರದ ಪ್ರೀಆಂಪ್ ವಾಲ್ವ್ ಬದಲಿಸಲು ಬಯಾಸ್ ಬೇಡ. ಆಂಪ್ ಆಫ್ ಮಾಡಿ, ಪ್ಲಗ್ ಕಿತ್ತು, ಪೂರ್ತಿ ತಣ್ಣಗಾದ ಮೇಲೆ, ಅಲ್ಲಾಡಿಸುತ್ತಾ ನೇರ ಎಳೆಯಿರಿ. ಒಂದೇ ನಂಬರಿನ ಎರಡು ವಾಲ್ವ್‌ಗಳನ್ನು ಅದಲುಬದಲು ಮಾಡಿ ನೋಡುವುದೂ ಒಳ್ಳೆ ಉಪಾಯ, ಶಬ್ದದ ಗುಣ ಬದಲಾದರೆ ಕಳ್ಳ ಸಿಕ್ಕಿದ ಹಾಗೆ. ನಂಬರ್ ಬೇರೆ ಇದ್ದರೆ ಅದಲುಬದಲು ಬೇಡ.

ಪವರ್ ವಾಲ್ವ್ ಕತೆಯೇ ಬೇರೆ. ಇಎಲ್34, 6ಎಲ್6 ಹಾಕಿರುವ ತುಂಬಾ ಆಂಪ್‌ಗಳಲ್ಲಿ ಬಯಾಸ್ ಫಿಕ್ಸೆಡ್ ಬಗೆಯದ್ದು, ಹೆಸರು ಹಾಗಿದ್ದರೂ ಹೊಸ ಜೋಡಿ ಹಾಕಿದಾಗ ಅಳೆದು ಹೊಂದಿಸಬೇಕು. ವಾಕ್ಸ್ ಎಸಿ30 ಥರದ, ಬಯಾಸ್ ತಾನಾಗೇ ಹೊಂದಿಕೊಳ್ಳುವ ಕ್ಯಾಥೋಡ್ ಬಯಾಸ್ ಆಂಪಿನಲ್ಲಿ ಆ ಹೊಂದಾಣಿಕೆ ಇರುವುದಿಲ್ಲ, ಆದರೂ ಹೊಂದುವ ಜೋಡಿಯನ್ನೇ ಹಾಕಿ.

ರಿವರ್ಬ್ (ಸದ್ದಿಗೆ ಪ್ರತಿಧ್ವನಿ ಕೊಡುವುದು) ಇಲ್ಲವೆಂದರೆ ಕ್ಯಾಬಿನೆಟ್ ತಳದಲ್ಲಿರುವ ಸ್ಪ್ರಿಂಗ್ ಪೆಟ್ಟಿಗೆಗೆ ಬರುವ ಎರಡು ಪ್ಲಗ್ ಸಾಗಣೆಯಲ್ಲಿ ಕಳಚಿವೆಯಾ ನೋಡಿ. ಕಳಚಿದ್ದು ಅದೊಂದೇ ಆಗಿರಬಹುದು. ಪ್ಲಗ್ ಸರಿಯಿದ್ದೂ ರಿವರ್ಬ್ ಮತ್ತು ಚಾನಲ್ ಬದಲಾವಣೆ ಎರಡೂ ಒಟ್ಟಿಗೆ ಕೈಕೊಟ್ಟಿದ್ದರೆ ವಿಷಯ ಬೇರೆ. ಫೆಂಡರ್ ಹಾಟ್ ರಾಡ್ ಡಿಲಕ್ಸ್‌ನಲ್ಲಿ ಎರಡು ದೊಡ್ಡ ಸಿರಾಮಿಕ್ ರೆಸಿಸ್ಟರ್‌ಗಳು ಕಾದು ಕಾದು ಬೋರ್ಡಿನ ಬೆಸುಗೆ ಬಿರುಕು ಬಿಡುತ್ತದೆ, ರಿಪೇರಿ ಮಾಡುವವರಿಗೆಲ್ಲ ಗೊತ್ತಿರುವ ಕಾಯಿಲೆ ಇದು. ಬಿಸಿಯಾದ ಮೇಲೆ ಮಾತ್ರ ಸೊರಗುವ ಆಂಪ್‌ಗಳಲ್ಲೂ ಇಂಥ ಬಿರುಕೇ ಮೊದಲ ಅನುಮಾನ.

ಮಾಡೆಲಿಂಗ್ ಆಂಪ್ (ಬೇರೆ ಆಂಪ್‌ಗಳ ಸದ್ದನ್ನು ಡಿಜಿಟಲ್ ಆಗಿ ಅನುಕರಿಸುವುದು) ಆದರೆ ಫ್ಯಾಕ್ಟರಿ ರೀಸೆಟ್ ಮಾಡಿ, ಅಡಾಪ್ಟರ್‌ನ ವೋಲ್ಟ್ ಮತ್ತು ಪ್ಲಸ್ ಮೈನಸ್ ಸರಿಯಿದೆಯಾ ನೋಡಿ. ಅದರಾಚೆಗೆ ನಿಮ್ಮ ಕೈಯಲ್ಲಿ ಆಗುವುದು ಕಮ್ಮಿ.

ಮಾರಿದವರಿಗೆ ಬರೆಯುವುದು

ದೋಷ ಕಂಡ ದಿನವೇ ಬರೆಯಿರಿ, ಪರೀಕ್ಷೆ ಪೂರ್ತಿ ಮುಗಿಯಲಿ ಎಂದು ಕಾಯಬೇಡಿ. ದೂರು ಕೊಡಲು ಎಷ್ಟು ದಿನ ಅನ್ನೋದು ಒಂದೊಂದು ತಾಣದಲ್ಲಿ ಒಂದೊಂದು ಥರ, ಅದನ್ನು ಮೊದಲೇ ಓದಿಕೊಳ್ಳಿ. "ವಸ್ತು ಸಿಕ್ಕಿತು, ಸರಿಯಿದೆ" ಅನ್ನೋ ಬಟನ್ ಇದ್ದರೆ ಒತ್ತಬೇಡಿ, ಕೆಲವು ಕಡೆ ಅದನ್ನು ಒತ್ತಿದ ಕೂಡಲೇ ಹಣ ಅವರ ಕೈ ಸೇರುತ್ತದೆ. ಮಾತುಕತೆ ಆ ತಾಣದ ಮೆಸೇಜ್ ಒಳಗೇ ನಡೆಯಲಿ. "ಫೋನ್ ಮಾಡಿ, ಮಾತಾಡೋಣ" ಎಂದರೆ ಮಾತಾಡಿ, ಆದರೆ ಮಾತಾಡಿದ್ದನ್ನು ಆಮೇಲೆ ಅಲ್ಲೇ ಬರೆದು ಹಾಕಿ.

ಮೊದಲ ಸಲವೇ ಕೂಗಾಡಬೇಡಿ. ಹೊರಟಾಗ ಚೆನ್ನಾಗಿದ್ದ ಆಂಪ್ ದಾರಿಯಲ್ಲಿ ಪೆಟ್ಟು ತಿಂದಿರುವುದೂ ಉಂಟು, ಮಾರಿದವರಿಗೆ ಅದು ಗೊತ್ತೇ ಇರುವುದಿಲ್ಲ. ಇಷ್ಟು ಬರೆದರೆ ಸಾಕು:

"ನಮಸ್ಕಾರ. ಆಂಪ್ ಇವತ್ತು ತಲುಪಿತು. ಪವರ್ ಬರುತ್ತಿದೆ, ಆದರೆ ಎರಡೂ ಚಾನಲ್‌ನಲ್ಲಿ ಸದ್ದಿಲ್ಲ. ಎರಡು ಗಿಟಾರ್, ಎರಡು ಕೇಬಲ್ ಹಾಕಿ ನೋಡಿದೆ. ಎಫೆಕ್ಟ್ಸ್ ರಿಟರ್ನ್‌ಗೆ ನೇರ ಹಾಕಿದರೆ ಸದ್ದು ಬರುತ್ತಿದೆ. ವಿಡಿಯೋ ಜೊತೆಗಿದೆ. ಆಂಪನ್ನು ಬಿಚ್ಚಿಲ್ಲ. ಜಾಹೀರಾತಿನಲ್ಲಿ ಎಲ್ಲ ಕೆಲಸ ಮಾಡುತ್ತಿದೆ ಎಂದು ಬರೆದಿದ್ದಿರಿ. ವಾಪಸ್ ತೆಗೆದುಕೊಳ್ಳುತ್ತೀರಾ, ಅಥವಾ ರಿಪೇರಿ ಖರ್ಚು ಕೊಡುತ್ತೀರಾ? ನಾಳೆ ಸಂಜೆಯೊಳಗೆ ತಿಳಿಸಿ."

ಉತ್ತರ ಬರಲಿಲ್ಲವಾದರೆ ತಾಣದಲ್ಲೇ ಅಧಿಕೃತ ದೂರು ಹಾಕಿ, "ವಿವರಣೆಗೆ ತಕ್ಕಂತಿಲ್ಲ" ಅನ್ನೋ ಕಾರಣ ಆರಿಸಿ. "ದೂರು ವಾಪಸ್ ತೆಗೆಯಿರಿ, ಆಮೇಲೆ ಹಣ ಕಳಿಸುತ್ತೇನೆ" ಅನ್ನೋ ಮಾತಿಗೆ ಮಾತ್ರ ಒಪ್ಪಬೇಡಿ. ಒಮ್ಮೆ ಮುಚ್ಚಿದ ದೂರನ್ನು ಮತ್ತೆ ತೆರೆಯಲು ಆಗದೇ ಹೋಗಬಹುದು. ಹಣ ಬಂದ ಮೇಲೆಯೇ ಮುಚ್ಚುವುದು. ಕಾರ್ಡಿನಲ್ಲಿ ಕೊಂಡಿದ್ದರೆ ಬ್ಯಾಂಕಿನ ಮೂಲಕ ವಿವಾದ ಎತ್ತುವ ದಾರಿಯೂ ಇದೆ, ಅದಕ್ಕೂ ಗಡುವು ಇರುತ್ತದೆ.

"ಇದ್ದಂತೆಯೇ ಮಾರಾಟ, ರಿಪೇರಿಗೆ" ಎಂದು ಸ್ಪಷ್ಟವಾಗಿ ಬರೆದಿದ್ದನ್ನು ಕೊಂಡಿದ್ದರೆ ಈ ದಾರಿಗಳು ಸಾಮಾನ್ಯವಾಗಿ ಮುಚ್ಚಿರುತ್ತವೆ.

ಇಟ್ಟುಕೊಳ್ಳೋದಾ, ಕಳಿಸೋದಾ?

ವಾಲ್ವ್, ಜ್ಯಾಕ್, ಪಾಟ್, ಫ್ಯೂಸ್, ಬೆಸುಗೆ ಬಿರುಕು, ಕೆಪಾಸಿಟರ್, ಇವೆಲ್ಲ ರಿಪೇರಿಯ ಮಾತು. ಮಾರಿದವರು ಒಂದು ಭಾಗ ಹಣ ವಾಪಸ್ ಕೊಟ್ಟರೆ ಆಂಪ್ ಇಟ್ಟುಕೊಳ್ಳುವುದೇ ಜಾಣತನ ಅಂತ ನನಗನಿಸುತ್ತದೆ. ಭಾರದ ವಸ್ತುವನ್ನು ಮತ್ತೆ ಸಾಗಿಸಿದರೆ ಮತ್ತೆ ಪೆಟ್ಟು ಬೀಳಬಹುದು. ಟ್ರಾನ್ಸ್‌ಫಾರ್ಮರ್ ಹೋಗಿದೆ, ಚಾಸಿ ಬಾಗಿದೆ, ಮಾಡೆಲಿಂಗ್ ಆಂಪಿನ ಡಿಜಿಟಲ್ ಬೋರ್ಡ್ ಸತ್ತಿದೆ ಎಂದರೆ ಪೂರ್ತಿ ಹಣವೇ ಬೇಕು. ಹಳೇ ಡಿಜಿಟಲ್ ಬೋರ್ಡಿಗೆ ಬದಲಿ ಸಿಗುವುದು ಕಷ್ಟ. ಅದೇ 50 ವರ್ಷದ ಹಿಂದಿನ ವಾಲ್ವ್ ಆಂಪಿನ ಒಳಗೆ ಬದಲಿಸಲಾಗದ್ದು ಹೆಚ್ಚೇನಿಲ್ಲ.

ಎಷ್ಟು ಹಣ ವಾಪಸ್ ಕೇಳಬೇಕು ಎಂದು ಊಹೆ ಮಾಡಬೇಡಿ. ಮಾರಿದವರು ಲಿಖಿತವಾಗಿ ಒಪ್ಪಿದ ಮೇಲೆ ಟೆಕ್ನಿಷಿಯನ್ ಹತ್ತಿರ ತೋರಿಸಿ, ಏನು ಕೆಟ್ಟಿದೆ, ಎಷ್ಟಾಗುತ್ತದೆ ಎಂದು ಬರೆಸಿಕೊಳ್ಳಿ. ವಾಲ್ವ್ ಆಂಪ್ ಆದರೆ ವಾಲ್ವ್ ಆಂಪ್ ಮಾಡಿ ಗೊತ್ತಿರುವವರನ್ನೇ ಹುಡುಕಿ, ಟಿವಿ ರಿಪೇರಿ ಗೊತ್ತಿದೆ ಎಂದ ಮಾತ್ರಕ್ಕೆ ಸಾಲದು. "ಬಿಚ್ಚುವ ಮೊದಲು ಕೆಪಾಸಿಟರ್ ಖಾಲಿ ಮಾಡ್ತೀರಾ, ಬಯಾಸ್ ಹೇಗೆ ಅಳೆಯುತ್ತೀರಾ" ಎಂದು ಕೇಳಿ. ಗೊತ್ತಿರುವವರು ಖುಷಿಯಿಂದ ವಿವರಿಸುತ್ತಾರೆ. ಬದಲಿಸಿದ ಹಳೇ ಭಾಗಗಳನ್ನು ವಾಪಸ್ ಕೊಡಿ ಎಂದು ಮೊದಲೇ ಹೇಳಿಡಿ.

ವಾಪಸ್ ಕಳಿಸುವಾಗ

ಹೊರಡುವ ಮುಂಚೆ ಮತ್ತೊಂದು ವಿಡಿಯೋ, ಸೀರಿಯಲ್ ನಂಬರ್ ಸಹಿತ. ದೊಡ್ಡ ಪವರ್ ವಾಲ್ವ್‌ಗಳನ್ನು ಸಾಕೆಟ್ಟಿನಲ್ಲೇ ಬಿಟ್ಟರೆ ಒಡೆಯಬಹುದು, ಆದರೆ ಕೇಳದೆ ತೆಗೆಯಬೇಡಿ. ಮಾರಿದವರಿಗೆ ಮೆಸೇಜಿನಲ್ಲಿ ತಿಳಿಸಿ, ಒಪ್ಪಿದರೆ ಒಂದೊಂದನ್ನೂ ಬೇರೆ ಬೇರೆ ಸುತ್ತಿ, ಯಾವುದು ಯಾವ ಸಾಕೆಟ್ಟಿನದ್ದು ಎಂದು ಚೀಟಿ ಅಂಟಿಸಿ. ನಾಬ್‌ಗಳಿರುವ ಮುಖಕ್ಕೆ ದಪ್ಪ ರಟ್ಟು ಕಟ್ಟಿ. ಬಾಕ್ಸ್ ಒಳಗೆ ಬಾಕ್ಸ್ ಇರಲಿ, ನಡುವೆ ಎಲ್ಲ ಕಡೆ ಐದು ಸೆಂಟಿಮೀಟರಾದರೂ ಗಟ್ಟಿ ಫೋಮ್ ತುಂಬಿ. ಮೂಲೆಗಳಿಗೆ ಇನ್ನೂ ಜಾಸ್ತಿ, ಮೊದಲು ಪೆಟ್ಟು ತಿನ್ನುವುದು ಅವೇ. ಬಾಕ್ಸ್ ಮುಚ್ಚಿ ಅಲ್ಲಾಡಿಸಿದರೆ ಒಳಗೆ ಏನೂ ಜರುಗಬಾರದು. ಪೂರ್ತಿ ಬೆಲೆಗೆ ವಿಮೆ ಮಾಡಿಸಿ, ಟ್ರ್ಯಾಕಿಂಗ್ ನಂಬರನ್ನು ಅವತ್ತೇ ತಾಣದ ದೂರಿನಲ್ಲಿ ಹಾಕಿ, ತೂಕ ಬರೆದಿರುವ ಕೊರಿಯರ್ ರಶೀದಿಯನ್ನು ಹಣ ಬರುವ ತನಕ ಜೋಪಾನವಾಗಿ ಇಟ್ಟುಕೊಳ್ಳಿ.